ತುಣುಕು ನಲವತ್ತೊಂದು

ತಾರ್ತು ಊರಿನ ನದಿ ಹೆಪ್ಪುಗಟ್ಟಿದ ತಿಂಗಳು
ಹೆಲ್ವೆ ಲೀಪು ಬಂದಳು.
ನಲವತ್ತು ವರುಷ ರೇಡಿಯೋ ನಾಟಕಗಳಲ್ಲಿ
ಅತ್ತವಳು, ನಕ್ಕವಳು, ಏಳೆಂಟು ಸಲ ಸತ್ತವಳು;
ಬೀದಿಯಲ್ಲಿ ಗುರುತು ಹಿಡಿಯುವವರು ಯಾರೂ ಇಲ್ಲ.
ಕೋಟು ತೆಗೆಯಲಿಲ್ಲ. ಬೂಟು ಮಾತ್ರ ಕಳಚಿ
ಉಣ್ಣೆಯ ಕಾಲುಚೀಲದಲ್ಲಿ ಮೈಕಿನೆದುರು ನಿಂತಳು.

ನಾನು ಕೊಟ್ಟ ಹಾಳೆಯಲ್ಲಿದ್ದದ್ದು ಯಾವ ಭಾಷೆಯೂ ಅಲ್ಲ:
*ದೋಮಿ ಪೆದಾ ಸಾರಕ್ ತೋವೆ.*
*ನೆಕಾ ಬುರಿ ಬುರಿ ಹಾಲ್ಮಿತ್.*
ಕಾಳು ತೂರಿಕೊಂಡ ಮೇಲೆ ಉಳಿದ ಹೊಟ್ಟು.

'ಸಿಟ್ಟಿನಲ್ಲಿ ಹೇಳಿ' ಅಂದೆ.
ಹೇಳಿದಳು. ಗಾಜಿನಾಚೆ ಕೂತ ನಾನು
ಮಾಡದ ತಪ್ಪಿಗೆ ಕುರ್ಚಿಸಮೇತ ಹಿಂದೆ ಸರಿದೆ.
'ಅಂಜಿಕೆಯಲ್ಲಿ.'
ದೋಮಿಗೆ ಕಾಲು ನಡುಗಿತು,
ತೋವೆ ಬಾಗಿಲ ಸಂದಿಗೆ ಸಿಕ್ಕ ಬೆರಳಾಯಿತು.
'ಇನ್ನು ಸಂತಸ' ಅಂದಾಗ ಒಂದು ಗುಟುಕು ನೀರು ಕೇಳಿದಳು,
ಕುಡಿದು, ನನ್ನ ಹುಟ್ಟುಹಬ್ಬವೇನೋ ಎಂಬಂತೆ
ಬುರಿ ಬುರಿ ಅಂದಳು.

ಪರದೆಯ ಮೇಲೆ ಗೆರೆಗಳು.
ದುಃಖ ಇಳಿಜಾರು, ಕೊನೆಯಲ್ಲಿ ಉಸಿರು ಸಾಲದೆ
ಹರಿದ ಅಂಚು.
ಸಿಟ್ಟು, ಸಂತಸ ಎರಡೂ ಒಂದೇ ಎತ್ತರ, ಒಂದೇ ವೇಗ,
ಅವಳಿಗಳ ಹಾಗೆ; ಅಳತೆಪಟ್ಟಿ ಎಷ್ಟೋ ಸಲ ಎಡವಿತು.
ಕಿವಿ ಎಡವಲಿಲ್ಲ. ಯಾಕೆಂದು ಕೇಳಬೇಡಿ,
ಸಂಬಳ ಬರುವುದೇ ಆ ಪ್ರಶ್ನೆಗೆ.

ತುಣುಕುಗಳನ್ನು ತೋನಿಸ್ ಪೊಟೊಸಿಗೆ ಒಯ್ದ,
ಗುಡ್ಡವನ್ನೇ ಕೊರೆದು ಬದುಕುವ ಆ ಎತ್ತರದ ಊರಿಗೆ.
ಎಸ್ಟೋನಿಯಾ ಎಂಬುದೊಂದು ಔಷಧಿಯ ಹೆಸರೇ
ಎಂದು ಕೇಳಿದರಂತೆ ಅಲ್ಲಿ.
ಹೆಡ್‌ಫೋನು, ಹಾಳೆ, ಐದು ಚೌಕ:
ಸಿಟ್ಟು, ಸಂತಸ, ಅಂಜಿಕೆ, ದುಃಖ, ಏನೂ ಇಲ್ಲ.

ಕಾಸಿಲ್ದಾ ಚೊಕೆವಿಲ್ಕ, ಗಣಿಯ ಬಾಯಲ್ಲಿ
ಮೇಣದಬತ್ತಿ, ಕೋಕಾ ಎಲೆ ಮಾರುವವಳು,
ಟೋಪಿ ತೆಗೆಯದೆ ಅದರ ಮೇಲೇ ಹೆಡ್‌ಫೋನು ಕೂರಿಸಿಕೊಂಡು
ನಲವತ್ತಕ್ಕೆ ಮೂವತ್ತಾರು ಸರಿ ಹೇಳಿದಳು.
'ಇದೇನು ದೊಡ್ಡದು' ಅಂದಳಂತೆ.
'ಸುರಂಗದಿಂದ ಬರುವ ಕೂಗಿನಲ್ಲಿ
ಮಾತು ಯಾವತ್ತು ತಿಳಿದಿದೆ?
ಊಟಕ್ಕೆ ಕರೆದರೋ, ಓಡು ಅಂದರೋ,
ಅಷ್ಟು ತಿಳಿಯದಿದ್ದರೆ ನಾನು ಇಲ್ಲಿ ಕೂತಿರುತ್ತಿರಲಿಲ್ಲ.'

ನಲವತ್ತೊಂದು ನನ್ನ ತಪ್ಪು.
ಎರಡು ವಾಕ್ಯಗಳ ನಡುವೆ ಹೆಲ್ವೆ
ನಮ್ಮದೇ ಭಾಷೆಯಲ್ಲಿ ಏನೋ ಕೇಳಿದ್ದಳು,
ಕತ್ತರಿಸಲು ಮರೆತು ಕಳಿಸಿದ್ದೆ.
ಉಳಿದವರೆಲ್ಲ 'ಏನೂ ಇಲ್ಲ' ಚೌಕಕ್ಕೆ ಗೀಟು ಹಾಕಿ
ಕಾಸು ಎಣಿಸಿಕೊಂಡು ಎದ್ದು ಹೋಗಿದ್ದರು.
ಕಾಸಿಲ್ದಾ ಮೂರು ಸಲ ಹಾಕಿಸಿಕೊಂಡಳು.
ಪೆನ್ಸಿಲ್ ಕೆಳಗಿಟ್ಟಳು.
ಅವಳು ಹೇಳಿದ್ದನ್ನು ತೋನಿಸ್
ಹಾಳೆಯ ಅಂಚಿನಲ್ಲಿ ಬರೆದುಕೊಂಡಿದ್ದ:
'ಬೆನ್ನ ಹಿಂದೆ ಯಾರೋ ಇದ್ದಾರೆ ಅಂತ ಕೇಳಿದ್ದು ಇದು.
ಇಲ್ಲ ಅಂತ ಗೊತ್ತಿದ್ದೂ ಕೇಳಿದ್ದು.'

ಮಾರ್ಚಿಯಲ್ಲಿ, ನದಿ ಟಪಟಪ ಒಡೆಯುವಾಗ,
ನಾನೊಬ್ಬನೇ ಕೂತು ಹಾಕಿಕೊಂಡೆ ನಲವತ್ತೊಂದು.
'ಕಿಟಕಿ ತೆರೆದಿದೆಯಾ?'
ಅಷ್ಟೇ.
ನೆನಪಾಯಿತು: ಎದ್ದು ನೋಡಿದ್ದೆ ಅವತ್ತು,
ಚಿಲಕ ಹಾಕಿಯೇ ಇತ್ತು,
'ಇಲ್ಲ' ಎಂದು ಹೇಳಿ ಮುಂದಿನ ಸಾಲು ತೋರಿಸಿದ್ದೆ.
ಭಾಷೆ ಬರುತ್ತಿತ್ತಲ್ಲ ನನಗೆ,
ಪ್ರಶ್ನೆಗೆ ಉತ್ತರ ಕೊಟ್ಟು ಕೈತೊಳೆದುಕೊಂಡಿದ್ದೆ.

ಬಾಕಿ ಸಂಭಾವನೆಯ ನೆಪ ಮಾಡಿ ಫೋನು ಮಾಡಿದೆ.
'ದುಡ್ಡಿಗೇನು ಅವಸರ' ಅಂದಳು.
ದೋಮಿ ಪೆದಾ ಸಾರಕ್ ತೋವೆ
ಎಂದುಕೊಂಡೇ ಕೇಳಿಸಿಕೊಳ್ಳಲು ನೋಡಿದೆ;
ಅರ್ಥ ಬಂದು ಬಂದು ಅಡ್ಡ ನಿಂತಿತು,
ಅತಿಥಿಗಳ ಮುಂದೆ ಕುಣಿಯುವ ಮಗುವಿನಂತೆ.
ಅದರ ಹೆಗಲ ಮೇಲಿಂದ ಒಂದಿಷ್ಟು ಕಂಡಿತು:
ಅವಸರ ಎಂಬಲ್ಲಿ ಅವಳು
ಮೆಟ್ಟಿಲು ಇದೆಯೆಂದು ಕಾಲಿಟ್ಟು, ಇಲ್ಲದೆ, ತಡೆದುಕೊಂಡದ್ದು.

'ಬರಲಾ ಒಂದು ದಿನ?' ಅಂದೆ.
ನನ್ನ ದನಿ ನನಗೇ ಯಾವ ಚೌಕದ್ದೆಂದು ತಿಳಿಯಲಿಲ್ಲ.
ಅವಳಿಗೆ ತಿಳಿಯಿತೋ ಏನೋ.
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಆ ಕಡೆ ಕುರ್ಚಿಯೊಂದನ್ನು
ಎಳೆದುಕೊಂಡ ಸದ್ದು.